ಗುಡ್ಡ ಜರಿದಾಗ ವಾಲಿದ ಬೇವು

ಮೊಳಕಾಲ್ಮೂರಲ್ಲಿ ನಮ್ಮನೆ ಗುಡ್ಡದ ಬುಡದಲ್ಲೇ ಐತೆ. ಮಗಳು ಶಾಲೆಗೆ ಹೋಗೋ ಕಾಲದಲ್ಲಿ ಒಂದು ಮಳೆಗಾಲ ಗುಡ್ಡ ಜರಿದು, ಮಣ್ಣು ಕಲ್ಲೆಲ್ಲ ಬಂದು ಹಿತ್ತಲ ಬೇವಿನ ಮರಕ್ಕೆ ಒತ್ತಿ ನಿಂತವು. ಮರ ಮನೆ ಕಡೆ ವಾಲಿತು, ಬೀಳಲಿಲ್ಲ. ಆಮೇಲೆ ತುದಿ ಮೇಲಕ್ಕೆತ್ತಿಕೊಂಡೇ ಬೆಳೀತು. ಹೋದ ವರ್ಷ ಗಾಳಿಗೆ ಬೇರು ಎದ್ದಾಗ ಕಡಿಸಲೇಬೇಕಾಯ್ತು.

ಅದೇ ಹೊತ್ತಿಗೆ ಮಗಳಿಗೆ ಮಗ್ಗ ಹೂಡಬೇಕಿತ್ತು. ನಮ್ಮನೇಲಿ ಹೆಣ್ಣುಮಗಳು ನೇಯ್ದ ಮೊದಲ ಸೀರೆ ಮಾರಲ್ಲ, ತಾಯಿ ಉಡಬೇಕು. ಆ ಸೀರೆಗೆ ನಾನೆಷ್ಟು ಆಸೆಪಟ್ಟು ಕಾದಿದ್ದೆನೋ ನನಗೇ ಗೊತ್ತು. ನೇಯ್ದ ಸೀರೆ ಸುತ್ತೋ ದಿಂಡಿಗೆ ಚಳ್ಳಕೆರೆಯಿಂದ ತೇಗ ತರೋಣ ಅಂದೆ. ನಮ್ಮನೆಯವರು ಕೇಳಿದರೆ ತಾನೇ? "ಹಿತ್ತಲಲ್ಲೇ ಮರ ಬಿದ್ದೈತೆ, ತೇಗ ಯಾಕೆ?"

ಕೊಯ್ಯೋಕೆ ಬಂದ ಬಡಗಿ ಸಾಬರು "ಅಣ್ಣಾ, ದಿಂಡಿಗೆ ಇದು ಬೇಡ್ರಿ" ಅಂದರು. ಕೊಯ್ದ ಕಡೆ ನೋಡಿದರೆ, ಒಳಗಿನ ಉಂಗುರಗಳು ದುಂಡಗೆ. ಮರ ವಾಲಿದ ಮೇಲಿನವು ಗುಡ್ಡದ ಕಡೆ ಅಗಲ, ಮನೆ ಕಡೆ ಒತ್ತೊತ್ತು. ಅಗಲವಿದ್ದ ಕಡೆ ಗರಗಸದ ಹಲ್ಲಿಗೆ ಹತ್ತಿಯಂಥ ನಾರು ಸಿಕ್ಕಿಕೊಂಡಿತ್ತು. ವಾಲಿದ ಮರ ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳೋಕೆ ಬೆಳೆಸಿಕೊಂಡ ಭಾಗವಂತೆ ಅದು. ಒಣಗಿದರೆ ಮಿಕ್ಕ ಮರಕ್ಕಿಂತ ಹೆಚ್ಚು ಕುಗ್ಗಿ ದಿಂಡನ್ನೇ ಬಾಗಿಸುತ್ತಂತೆ. ನಮ್ಮನೆಯವರಿಗೆ ಹಠ ಬಂದರೆ ಮುಗೀತು. ಅದರದ್ದೇ ದಿಂಡು ಆಯ್ತು.

ಸೀರೆ ಅರ್ಧ ಆಗೋ ಹೊತ್ತಿಗೆ ದಿಂಡು ಬಾಗಿತು. ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಮಗಳು ಏನೇನೋ ಮಾಡಿ ನೇಯ್ದು ಮುಗಿಸಿದಳು. ಇಳಿಸಿ ನೋಡಿದರೆ ಒಂದು ಅಂಚು ಉದ್ದಕ್ಕೂ ಸುಕ್ಕು. "ಉಡಬೇಡವ್ವ, ಜನ ನಗ್ತಾರೆ. ನಾನಿನ್ನು ಮಗ್ಗಕ್ಕೆ ಕೂರಲ್ಲ" ಅಂತ ಅತ್ತಳು. ಗಂಡನಿಗೆ ಮುಖಕ್ಕೆ ಹೊಡೆದಂಗೆ ಅಂದೆ. ಅವರು ಮಾರನೇ ದಿನವೇ ಚಳ್ಳಕೆರೆ ಬಸ್ಸು ಹತ್ತಿ ತೇಗದ ದಿಂಡು ತಂದರು. ಮಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ವಾರ ನಾದಿನಿ ಮಗನ ಮದುವೆಗೆ ಅದೇ ಸೀರೆ ಉಟ್ಟೆ. ಸುಕ್ಕು ಕಾಣದಂಗೆ ಮಗಳು ಪಿನ್ನು ಚುಚ್ಚಿದಳು. ಮದುವೆಮನೇಲಿ ಇದ್ದವರೆಲ್ಲ ನೇಕಾರರೇ, ಅವರ ಕಣ್ಣು ಮೊದಲು ಅಂಚಿಗೇ ಹೋಗೋದು. ಒಬ್ಬಾಕೆ ಸೆರಗು ಹಿಡಿದು, "ಯಾರ ನೇಯ್ಗೆ ಇದು?" ಅಂದಳು.

ನಾನು ಪಿನ್ನುಗಳನ್ನು ಕಿತ್ತು ಅಂಚನ್ನು ಅವಳ ಕೈಗೇ ಕೊಟ್ಟೆ. "ನನ್ನ ಮಗಳದ್ದು. ಮೊದಲನೇದು."

ವಾಪಸ್ ಬರೋವಾಗ ಬಸ್ಸಲ್ಲಿ ಮಗಳು ಆ ಸುಕ್ಕು ಅಂಚನ್ನು ಬೆರಳಲ್ಲಿ ತೀಡಿದಳು. ಆಮೇಲೆ, "ಅವ್ವ, ತೇಗದ್ದು ಹಾಕ್ಸು. ಚೆನ್ನಾಗಿರೋದು ನೇಯ್ದು ಕೊಡ್ತೀನಿ, ಇದನ್ನ ಎತ್ತಿಡು" ಅಂದಳು.

"ನೇಯಿ, ಮಾರೋಣ" ಅಂದೆ. "ನಾನು ಉಡೋದು ಇದನ್ನೇ."