ಸಭೆಯಲ್ಲಿ ನಾನು ಮಾಡಿದ ಅನುವಾದ

ನಮ್ಮ ಮಹಡಿಯ ರೂಮಿಗೆ ಬಾಡಿಗೆಗೆ ಬಂದ ಹುಡುಗಿ ಆಫ್ರಿಕಾದ ಮಲಾವಿ ದೇಶದವಳು. ಭಾರತೀನಗರದ ಕಾಲೇಜೊಂದರಲ್ಲಿ ಓದುವುದಕ್ಕೆ ಬಂದಿದ್ದಳು. ಎದುರುಮನೆಯ ಅಜ್ಜಿ, "ಯಾವೂರವ್ವ ಈ ಮಗಿಂದು?" ಎಂದು ಕೇಳಿದಾಗ "ಮಲಾವಿ" ಎಂದೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಮಳವಳ್ಳಿಯಾ? ದಿನಾ ಬಸ್ಸಲ್ಲೇ ಓಡಾಡ್ಬೋದಿತ್ತಲ್ಲ, ರೂಮ್ ಯಾಕ್ ಮಾಡವ್ಳೆ?" ಎಂದರು. ತಿದ್ದುವ ಮನಸ್ಸಾಗಲಿಲ್ಲ. ವಾರದೊಳಗೆ ಇಡೀ ಬೀದಿಗೆ ಅವಳು ಮಳವಳ್ಳಿ ಹುಡುಗಿಯಾದಳು.

ಊಟದ್ದೇನೂ ತೊಂದರೆಯಾಗಲಿಲ್ಲ. ಮೊದಲ ಸಲ ಮುದ್ದೆ ಕೊಟ್ಟಾಗ ಸಲೀಸಾಗಿ ಮುರಿದು ತಿಂದು, ತಮ್ಮ ಮನೆಯಲ್ಲೂ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರೆ ಎಂದಳು. ತೊಂದರೆಯಾಗಿದ್ದು ಭಾನುವಾರದ್ದು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಮೂರನೆಯ ಭಾನುವಾರ ಕೇಳಿಯೇಬಿಟ್ಟೆ.

"ಆಂಟಿ, ಚರ್ಚಿಗೆ ಹೋಗಿದ್ದೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಅದಕ್ಕೆ ಡ್ರೆಸ್ಸು ಹಾಕಿಕೊಂಡಿದ್ದೇನೆ. ಅರ್ಧವಾದರೂ ನಿಜವಾಗಲಿ ಅಂತ," ಎಂದಳು.

ಈ ಮಾತು ಕೇಳಿಯೇ ಅವಳು ನನಗೆ ಇಷ್ಟವಾದದ್ದು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಚರ್ಚಿನ ಬಗ್ಗೆ ನನಗೆ ಗೊತ್ತಿದ್ದದ್ದು ಡಿಸೆಂಬರಿನ ಕೇಕು ಮಾತ್ರ. ಆದರೂ ಮುಂದಿನ ಭಾನುವಾರ ಸೀರೆ ಉಟ್ಟು, ಕುಂಕುಮ ಇಟ್ಟು ಅವಳ ಜೊತೆ ಹೊರಟೆ.

"ನಿಂಗ್ಯಾಕಮ್ಮಿ ಅದೆಲ್ಲ? ಭಾನ್ವಾರ ಬಾಡು ಮಾಡೋರ್ಯಾರು?" ಎಂದರು ಯಜಮಾನರು.

"ನೀವೇ ಮಾಡಿ," ಎಂದು ಬಸ್ಸು ಹತ್ತಿದೆ.

ಮದ್ದೂರಿನಲ್ಲಿ ಆಟೋದವನು, "ಚರ್ಚಾ? ಬನ್ನಿ ಮೇಡಂ," ಎಂದು ಕರೆದುಕೊಂಡು ಹೋಗಿ ಬೀಗ ಹಾಕಿದ ಸ್ಕೂಲೊಂದರ ಮುಂದೆ ನಿಲ್ಲಿಸಿದ. ಇದು ಸ್ಕೂಲಲ್ಲವೇನಪ್ಪ ಎಂದರೆ, "ಕಾನ್ವೆಂಟು ಅಂತ ಬರ್ದವ್ರಲ್ಲ ಮೇಡಂ, ಇನ್ನೇನ್ ಬೇಕು?" ಎಂದು ನನ್ನನ್ನೇ ಕೇಳಿದ. ಅಷ್ಟರಲ್ಲಿ ಎಲ್ಲಿಂದಲೋ ಚಪ್ಪಾಳೆಯೂ ಹಾಡೂ ಕೇಳಿಸಿತು. ಹುಡುಗಿ ಆಟೋದಿಂದ ಇಳಿದು ಆ ಸದ್ದಿನ ಹಿಂದೆ ನಡೆದೇಬಿಟ್ಟಳು. ಟೈರು ಅಂಗಡಿಯ ಮೇಲೆ ಒಂದು ಪ್ರಾರ್ಥನಾ ಹಾಲ್. ಚಾಪೆಯ ಮೇಲೆ ಮೂವತ್ತು ಜನ. ನಾವು ಒಳಗೆ ಕಾಲಿಟ್ಟೊಡನೆ ಹಾಡು ನಿಂತಿತು.

ಪಾಸ್ಟರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹೊರದೇಶದಿಂದ ಬೋಧಕಿಯೊಬ್ಬಳು ಬಂದಿದ್ದಾಳೆ, ಇವರು ಅವಳ ದುಭಾಷಿ ಎಂದು ತೀರ್ಮಾನಿಸಿದರು. ಬೇಡ ಬೇಡ ಎನ್ನುವುದರೊಳಗೆ ಅವಳ ಹೆಗಲಿಗೆ ಶಾಲು, ಕೈಗೆ ಮೈಕು ಬಂದಿತ್ತು. ಅವಳು ಇಂಗ್ಲಿಷಿನಲ್ಲಿ, "ಎಲ್ಲರಿಗೂ ನಮಸ್ಕಾರ. ನನ್ನನ್ನು ಒಳಗೆ ಕರೆದದ್ದಕ್ಕೆ ಥ್ಯಾಂಕ್ಸ್," ಎಂದು ಹೇಳಿ ಮೈಕನ್ನು ನನಗೆ ದಾಟಿಸಿದಳು.

ಮೂವತ್ತು ಜನ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು. ಒಂದು ಪುಟ ಬರೆಯಿರಿ ಎಂದರೆ ಎರಡು ಸಾಲು ಬರೆದುಕೊಡುವ ಮಕ್ಕಳನ್ನು ಜೀವಮಾನವಿಡೀ ಬೈದವಳು ನಾನು. ತಡೆಯಲಾಗಲಿಲ್ಲ. ಅವಳ ಊರಿನ ದೊಡ್ಡ ಕೆರೆ, ಅದರ ದಡದಲ್ಲಿ ತಗಡಿನ ಚಾವಣಿಯ ಚರ್ಚು, ಅಲ್ಲಿ ಮೊಮ್ಮಗಳಿಗಾಗಿ ದಿನವೂ ಮೊಣಕಾಲೂರಿ ಪ್ರಾರ್ಥಿಸುವ ಅಜ್ಜಿ, ಮಂಡಿ ನೋವಿದ್ದರೂ ಬಿಡದ ಅಜ್ಜಿ... ಹತ್ತು ನಿಮಿಷ ಹೇಳಿದೆ. ಮುಂದೆ ಕೂತಿದ್ದ ಮುದುಕಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಸ್ತೋತ್ರ! ಆಮೆನ್!" ಎಂದರು ಎಲ್ಲರೂ.

"ಆಂಟಿ, ನಾನು ಹೇಳಿದ್ದು ಎರಡೇ ಮಾತು," ಎಂದು ಹುಡುಗಿ ಪಿಸುಗುಟ್ಟಿದಳು.

"ಕನ್ನಡದಲ್ಲಿ ಅದು ಸ್ವಲ್ಪ ಉದ್ದ ಬರುತ್ತೆ," ಎಂದೆ.

ಆಮೇಲೆ ಅವಳು ವಿದ್ಯಾರ್ಥಿನಿ ಎಂದು ಪಾಸ್ಟರಿಗೆ ಗೊತ್ತಾಯಿತು. ಅದರಿಂದೇನೂ ಬದಲಾಗಲಿಲ್ಲ. ಪ್ರತಿ ಭಾನುವಾರ ಎರಡು ಮಾತಾಡು ಮಗಳೇ ಎನ್ನುವರು, ಅವಳು ಎರಡೇ ಮಾತಾಡುವಳು, ಉಳಿದದ್ದೆಲ್ಲ ನನ್ನದು. ಅಜ್ಜಿಯ ಮಂಡಿ ನೋವು ಹೆಚ್ಚಿತು. ಅಜ್ಜಿ ಕೋಲು ಹಿಡಿದರು. ಸಭೆಯವರು ಆ ಮಂಡಿಗಾಗಿ ವಾರ ವಾರ ಪ್ರಾರ್ಥನೆ ಮಾಡತೊಡಗಿದರು. ನನಗೆ ಒಳಗೊಳಗೇ ಖುಷಿ. ಅಷ್ಟು ಗಮನವಿಟ್ಟು ಕೇಳುವ ಕ್ಲಾಸು ನನಗೆ ಎಂದೂ ಸಿಕ್ಕಿರಲಿಲ್ಲ.

ಇತ್ತ ಹುಡುಗಿ ಆರಾಧನೆ ಮುಗಿದ ಮೇಲೆ ಹೆಂಗಸರ ಜೊತೆ ಕೂತು ಊಟಕ್ಕೆ ಈರುಳ್ಳಿ ಹೆಚ್ಚುತ್ತಾ ಕನ್ನಡ ಕಲಿಯುತ್ತಿದ್ದಳು. ಅದನ್ನು ನಾನು ಗಮನಿಸಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಆ ಮುದುಕಿ ನನ್ನ ಹಂಗಿಲ್ಲದೆ ಅವಳನ್ನೇ ಕೇಳಿದರು.

"ನಿಮ್ಮಜ್ಜಿ ಮಂಡಿನೋವು ಎಂಗದೆ ಮಗ?"

"ಯಾವಜ್ಜಿ?" ಎಂದಳು ಹುಡುಗಿ, ಅಚ್ಚ ಮದ್ದೂರಿನ ಕನ್ನಡದಲ್ಲಿ. "ನಾನ್ ಉಟ್ಟಕ್ ಮುಂಚೇನೆ ನಮ್ಮಜ್ಜಿ ಓಗ್ಬುಟ್ರು ಕಣಮ್ಮ."

ಮೂವತ್ತು ಮುಖಗಳು ನನ್ನ ಕಡೆ ತಿರುಗಿದವು. ನಾನು ಫ್ಯಾನು ನೋಡಿದೆ. ಪಾಸ್ಟರು ಕೆಮ್ಮಿ ಹಾಡು ಶುರುಮಾಡಿಸಿದರು. ಬಸ್ಸಿನಲ್ಲಿ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ತಮಾಷೆ ನನ್ನದು, ಆದರೆ ಅವರ ಪ್ರಾರ್ಥನೆ ನಿಜದ್ದು. ಆ ಮುದುಕಿ ನಾಲ್ಕು ತಿಂಗಳು ಕಣ್ಣು ಮುಚ್ಚಿ ಬೇಡಿಕೊಂಡಿದ್ದೇ ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಮುಂದಿನ ಭಾನುವಾರ ಅವಳೊಬ್ಬಳೇ ಹೋದಳು. ಅದರ ಮುಂದಿನ ಭಾನುವಾರವೂ ನಾನು ಮನೆಯಲ್ಲೇ ಕೂತೆ. "ಮೇಡಮ್ಮೋರ್ಗೆ ರಜನಾ?" ಎಂದು ಯಜಮಾನರು ಅಣಕಿಸುತ್ತಾ ಮಸಾಲೆ ರುಬ್ಬುತ್ತಿದ್ದರು. ಬಾಡು ಮಾಡುವುದು ಅಷ್ಟರಲ್ಲಿ ಅವರಿಗೇ ರುಚಿಸಿಬಿಟ್ಟಿತ್ತು. ಮಧ್ಯಾಹ್ನ ಗೇಟಿನ ಸದ್ದಾಯಿತು. ಹುಡುಗಿಯ ಜೊತೆ ಪಾಸ್ಟರ ಹೆಂಡತಿ, ಅವರ ಕೈ ಹಿಡಿದುಕೊಂಡು ಆ ಮುದುಕಿ.

ಕೈಮುಗಿದು, ತಪ್ಪಾಯಿತಮ್ಮ ಎಂದೆ. ಮುದುಕಿ ಬಾಗಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿ ನೋಡಿದರು.

"ಇಲ್ದಿರೋ ಅಜ್ಜಿಗೋಸ್ಕರ ನಾಕ್ ತಿಂಗ್ಳು ಮಂಡಿ ಊರಿ ಊರಿ, ಈಗ ನನ್ ಮಂಡೀನೇ ಇಡ್ಕಂಬುಟ್ಟದೆ. ಬಂದು ಅದ್ಕೊಂದ್ ಪ್ರಾರ್ಥನೆ ಮಾಡ್ಬುಡಿ ಮೇಡಮ್ಮೋರೆ, ಲೆಕ್ಕ ಚುಕ್ತಾ."

"ನಿಮ್ಮ ಮಾತಿಲ್ದೆ ಸಭೆ ಸಪ್ಪೆ ಆಗ್ಬುಟ್ಟದೆ," ಎಂದು ಪಾಸ್ಟರ ಹೆಂಡತಿ ನಕ್ಕರು. "ಆದ್ರೆ ಇನ್ಮೇಲೆ ಮೈಕು ಕೊಡಕಿಲ್ಲ."

ಅಂದು ಎಲ್ಲರೂ ಯಜಮಾನರ ಬಾಡೂಟ ಉಂಡರು. ಮುದುಕಿ ಎರಡನೇ ಮುದ್ದೆ ಕೇಳಿದಾಗ ಯಜಮಾನರ ಮುಖ ನೋಡಬೇಕಿತ್ತು. ಮುದುಕಿಗೆ ಎಣ್ಣೆ ಬಿಸಿಮಾಡಿ ಮಂಡಿಗೆ ತಿಕ್ಕಿಕೊಟ್ಟೆ. ನನಗೆ ಬರುವ ಪ್ರಾರ್ಥನೆ ಅಷ್ಟೇ.

ಈಗ ತಿಂಗಳಿಗೊಮ್ಮೆಯಾದರೂ ಮದ್ದೂರಿಗೆ ಹೋಗುತ್ತೇನೆ. ಹಿಂದಿನ ಸಾಲಿನಲ್ಲಿ ಮುದುಕಿಯ ಪಕ್ಕ ನನ್ನ ಜಾಗ. ಆಕೆಗೆ ಕುರ್ಚಿ ಹಾಕಿಸಿದ್ದೇನೆ, ಮಂಡಿ ಊರಲು ಬಿಡುವುದಿಲ್ಲ. ಕಳೆದ ಕ್ರಿಸ್‌ಮಸ್ಸಿಗೆ ಹುಡುಗಿ ಎದ್ದು ನಿಂತು ಯೇಸು ಹುಟ್ಟಿದ ಕಥೆಯನ್ನು ತಾನೇ ಕನ್ನಡದಲ್ಲಿ ಹೇಳಿದಳು. ಛತ್ರದವನು ಯೇಸುವಿನ ತಾಯಿ ಮರಿಯಳಿಗೆ, "ಜಾಗ ಇಲ್ಲ ಓಗಮ್ಮ ಅತ್ಲಾಗೆ," ಎಂದನಂತೆ. ಪಾಸ್ಟರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಅವಳ ಅಮ್ಮ ಮಲಾವಿಯಿಂದ ವಿಡಿಯೋ ಕಾಲಿನಲ್ಲಿ ಅದನ್ನು ನೋಡುತ್ತಾ, ಒಂದಕ್ಷರ ಅರ್ಥವಾಗದಿದ್ದರೂ ನಮ್ಮೆಲ್ಲರ ಜೊತೆ ನಗುತ್ತಿದ್ದರು.