ಮಾಸ್ತರರ ಅಷ್ಟೋತ್ತರ

ವೇದವ್ಯಾಸ ಮಾಸ್ತರರು ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿಗಳ ಹೈಸ್ಕೂಲುಗಳಲ್ಲಿ ಮೂವತ್ತಾರು ವರ್ಷ ಸಂಸ್ಕೃತ ಕಲಿಸಿದರು. ತಪ್ಪಿದ ಶಬ್ದರೂಪವನ್ನು ನೂರು ಸಲ ಬರೆಸುವುದು ಅವರ ಪದ್ಧತಿ. ಹುಡುಗರು ಒಳಗೊಳಗೇ ಬೈಯುತ್ತ ಬರೆದರು, ಪಾಸೂ ಆದರು. ಹೀಗಾಗಿ ಆ ಪದ್ಧತಿಯ ಬಗ್ಗೆ ಸಂಶಯಪಡುವ ಪ್ರಸಂಗ ಎಪ್ಪತ್ತೊಂದನೆಯ ವಯಸ್ಸಿನವರೆಗೆ ಅವರಿಗೆ ಬರಲಿಲ್ಲ.

ಸವಣೂರಿನಲ್ಲಿ ಮಗಳು ಮೃಣಾಲಿನಿಯ ಮನೆಯಲ್ಲಿದ್ದಾಗ, ಶ್ರಾವಣದಲ್ಲಿ, ಲಕ್ವಾ ಹೊಡೆಯಿತು. ಮಾತು ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಎಡಗೈಯಿಂದ ಉಣ್ಣಲು ಒಲ್ಲೆನೆಂದದ್ದಕ್ಕೆ ಮಗಳೇ ತುತ್ತು ಮಾಡಿ ಉಣಿಸಿದಳು.

ಅವರ ಚಿಂತೆ ಊಟದ್ದಲ್ಲ. ಹೆಂಡತಿ ಗೋಪಿಕಾಬಾಯಿ ತೀರಿಕೊಂಡು ಮೂರು ವರ್ಷವಾಗುತ್ತ ಬಂದಿತ್ತು. ಗಂಡುಮಕ್ಕಳಿಲ್ಲದ್ದರಿಂದ ಶ್ರಾದ್ಧ ಮಾಡುವವರು ಇವರೇ. ಚೈತ್ರ ಬಹುಳ ಪಂಚಮಿಯ ದಿನ ಬಲಗೈಯ ಹೆಬ್ಬೆರಳು, ತೋರುಬೆರಳ ನಡುವಿನಿಂದ ಎಳ್ಳುನೀರು ಬಿಡಬೇಕು. ಅಶಕ್ತರಾದರೆ ದರ್ಭೆ ಕೊಟ್ಟು ಇನ್ನೊಬ್ಬರಿಂದ ಬಿಡಿಸಬಹುದು, ಶಾಸ್ತ್ರದಲ್ಲಿದೆ ಎಂದರು ಪುರೋಹಿತ ವೆಂಕಟೇಶಾಚಾರ್ಯರು. ಶಾಸ್ತ್ರ ಮಾಸ್ತರರಿಗೂ ಗೊತ್ತಿತ್ತು. ಆದರೆ ಗೋಪಿಕಾಬಾಯಿ ಕಡೆಯ ಹದಿನೆಂಟು ದಿನ ನೀರು ಕುಡಿದದ್ದು ಇವರ ಕೈಯಿಂದಷ್ಟೇ. ಬೇರೆ ಯಾರು ಚಮಚ ಹಿಡಿದರೂ ಆಕೆ ತುಟಿ ಬಿಚ್ಚಿರಲಿಲ್ಲ.

ವ್ಯಾಯಾಮ ಮಾಡಿಸಲು ಶಿಗ್ಗಾಂವಿಯಿಂದ ಮುನಾಫ ಎಂಬ ಫಿಜಿಯೋಥೆರಪಿಸ್ಟ್ ವಾರಕ್ಕೆರಡು ಸಲ ಬರುತ್ತಿದ್ದರು. ಎರಡೂ ಕೈಯ ಬೆರಳು ಹೆಣೆದು, ಎಡಗೈಯ ಬಲದಿಂದ ಬಲಗೈಯನ್ನು ಎದೆಮಟ್ಟಕ್ಕೆ ಎತ್ತಬೇಕು. ಮೇಜಿನ ಮೇಲೆ ಟವೆಲ್ಲು ಸರಿಸಬೇಕು. ಯಾವುದಾದರೂ ಹತ್ತೇ ಸಲ, ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಮಾಘದ ಹೊತ್ತಿಗೆ ಅಂಗೈ ಬಿಚ್ಚಿತು. ಒಂದು ಬೆಳಿಗ್ಗೆ ಆಚಮನದ ನೀರು ಅದರಲ್ಲಿ ಕ್ಷಣಹೊತ್ತು ನಿಂತಿತು. ಮೃಣಾಲಿನಿ ನೋಡಿದಳು.

ಕೆಟ್ಟದ್ದು ಅಲ್ಲಿಂದಲೇ. ಹತ್ತಕ್ಕೆ ಇಷ್ಟು ಬಂದರೆ ಹೆಚ್ಚಿಗೆ ಎಷ್ಟು ಬಂದೀತು ಎಂದು ಮಾಸ್ತರರು ಲೆಕ್ಕ ಹಾಕಿದರು. ಮಗಳು ಕೆಲಸಕ್ಕೆ ಹೋದ ಮೇಲೆ ವಿಷ್ಣುವಿನ ಅಷ್ಟೋತ್ತರ ಹೇಳುತ್ತ, ಒಂದೊಂದು ನಾಮಕ್ಕೆ ಒಂದೊಂದು ಸಲ ಕೈಯನ್ನು ತಲೆಯ ಮೇಲಿನವರೆಗೆ ಎಳೆದೆತ್ತತೊಡಗಿದರು. ಅರವತ್ತನೆಯ ನಾಮದ ಸುಮಾರಿಗೆ ಭುಜ ಉರಿಯುತ್ತಿತ್ತು. ಆದರೆ ಅಷ್ಟೋತ್ತರವನ್ನು ನಡುವೆ ಬಿಡುವಂತಿಲ್ಲ.

ತಿಥಿಗೆ ಹನ್ನೆರಡು ದಿನವಿದ್ದಾಗ ಮುನಾಫ ಭುಜ ಮುಟ್ಟಿದರು. ಮಾಸ್ತರರು ಹಲ್ಲು ಕಚ್ಚಿದರು. ಮುಂಗೈ ಬಾತಿತ್ತು.

"ಎಷ್ಟು ಸಲ ಎತ್ತಾಕತ್ತೀರಿ? ಖರೇ ಹೇಳ್ರಿ."

"ನೂರಾ ಎಂಟು. ಎರಡೂ ಹೊತ್ತು."

ಮುನಾಫ ಕೈಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟರು. "ಮಾಸ್ತರ, ದೇವರಿಗೆ ಹೆಚ್ಚು ಹೇಳಿದ್ರ ನಡೀತದ. ಭುಜಕ್ಕ ನಡ್ಯಂಗಿಲ್ರಿ. ಬಾವು ಇಳಿಯೂ ತನಕ ಇದನ್ನ ಎತ್ತಬ್ಯಾಡ್ರಿ."

ಹೇಳಿದ್ದಕ್ಕಿಂತ ಹೆಚ್ಚಿಗೆ ಬರೆದು ತಂದ ಹುಡುಗನಿಗೆ ಶಾಬಾಸ್ ಎನ್ನುತ್ತಿದ್ದವರಲ್ಲವೇ ನೀವು ಎಂದು ಮೃಣಾಲಿನಿ ಸಿಟ್ಟಿನಿಂದ ಅಂದಳು. ಅಂದ ಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಪಂಚಮಿಯ ದಿನ ಮಾಸ್ತರರು ಮಡಿಯುಟ್ಟು ಮಣೆಯ ಮೇಲೆ ಕುಳಿತರು. ಬಾತ ಬೆರಳಿಗೆ ದರ್ಭೆಯ ಪವಿತ್ರದುಂಗುರ ಏರಲಿಲ್ಲ. ಆಚಾರ್ಯರು ಅದನ್ನು ಸಡಿಲಿಸಿ ಹೇಗೋ ತೊಡಿಸಿದರು. ಕೈ ಎತ್ತಿರೆಂದಾಗ ಮಾಸ್ತರರ ಕತ್ತಿನ ನರ ಉಬ್ಬಿತು, ಹಣೆ ಬೆವರಿತು. ಕೈ ಏಳಲಿಲ್ಲ. ಆಚಾರ್ಯರು ಕಾದರು. ಮೂರನೆಯ ಪ್ರಯತ್ನದ ಮೇಲೆ ಮಾಸ್ತರರೇ, "ದರ್ಭಿ ತಗೋರಿ," ಎಂದರು.

ಹೆಸರು, ಗೋತ್ರಗಳನ್ನು ಅವರೇ ಹೇಳಿದರು. ವಿಭಕ್ತಿ ಎಲ್ಲಿಯೂ ತಪ್ಪಲಿಲ್ಲ. ನೀರು ಆಚಾರ್ಯರ ಬೆರಳುಗಳ ನಡುವಿನಿಂದ ಮೂರು ಸಲ, ಸಲೀಸಾಗಿ ಇಳಿಯಿತು.

ಎಲ್ಲ ಮುಗಿದ ಮೇಲೆ ಮಾಸ್ತರರು, "ಆಕಿಗೆ ಮುಟ್ಟತೇನ್ರಿ?" ಎಂದು ಕೇಳಿದರು.

"ಯಾರ ಕೈಲೆ ಬಿಟ್ರೂ ಮುಟ್ಟತದ್ರಿ, ಮಾಸ್ತರ."

ಮಾಸ್ತರರು ಎಡಗೈಯಿಂದ ಬಲಗೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ಆಚಾರ್ಯರು ಗೋಪಿಕಾಬಾಯಿಯನ್ನು ಕಂಡವರಲ್ಲ.