ಬಾಗಿಲ ಬಳಿ ಅವಳು ಅಂದದ್ದು

ಆಗೆಲ್ಲ ಟೀವಿಗೂ ಬಾಗಿಲಿರುತ್ತಿತ್ತು, ಬಾಗಿಲಿಗೆ ಬೀಗವಿರುತ್ತಿತ್ತು. ಮರದ ಪೆಟ್ಟಿಗೆಯ ಎರಡು ಹಲಗೆಗಳನ್ನು ಎಡಕ್ಕೂ ಬಲಕ್ಕೂ ಸರಿಸಿದರೆ ಒಳಗೆ ಬೂದುಬಣ್ಣದ ಗಾಜು. ಸರಿಸುವ ಅಧಿಕಾರ ಮನೆಯೊಡತಿಗೆ ಮಾತ್ರ. ಅಂಥ ಒಂದು ಮನೆಯ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬಹುದು: ಬಾಗಿಲಾಚೆ ಬಿಟ್ಟ ಚಪ್ಪಲಿಗಳ ರಾಶಿ, ನೆಲಕ್ಕೆ ಹಾಸಿದ ಚಾಪೆ, ಚಿತ್ರ ನಡುಗಿದಾಗಲೆಲ್ಲ ಆಂಟೆನಾ ತಿರುಗಿಸಲು ಟೆರೇಸಿಗೆ ಓಡುವವರು. ನನಗೂ ಇದೆ. ಆದರೆ ನಾನು ಆ ಮನೆಯಲ್ಲಿ ಟೀವಿಗೆ ಬೆನ್ನು ಹಾಕಿ ಕೂತಿದ್ದವಳು. ಏಕೆಂಬುದನ್ನು ಕ್ರಮವಾಗಿ ಹೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಅದರ ಒಂದು ವಿವರವೂ ನನ್ನಿಂದ ತಪ್ಪಿಸಿಕೊಂಡಿಲ್ಲ.

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಹಳೇ ಮೈಸೂರಿನ ಕಡೆಯ ಐದು ಸಂಸಾರಗಳಿದ್ದವು. ಗಂಡಸರೆಲ್ಲ ಒಂದೇ ಕಾರ್ಖಾನೆಯ ನೌಕರರು. ಸಂಜೆ ಮಾಹುಲ್ ಕಡೆಯಿಂದ ಗಾಳಿ ತಿರುಗಿದರೆ ಎಣ್ಣೆ ಕಾಯಿಸುವ ಕಾರ್ಖಾನೆಗಳ ವಾಸನೆ, ಅಡುಗೆಮನೆಗಳ ಇಂಗಿನ ಒಗ್ಗರಣೆಯೊಂದಿಗೆ ಬೆರೆತು ಮೆಟ್ಟಿಲ ಸಂದಿಯಲ್ಲಿ ನಿಂತುಬಿಡುತ್ತಿತ್ತು. ಗುಮಾಸ್ತರಾಗಿದ್ದ ಅಪ್ಪನಿಗೆ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮೂರನೆಯ ಮಹಡಿಯಲ್ಲಿ ಆಫೀಸರ ಹೆಂಡತಿ ಪದ್ಮಮ್ಮ. ಐದು ಮನೆಗಳಿಗೆ ಇದ್ದದ್ದು ಅವರದೊಂದೇ ಟೀವಿ.

ಶುಕ್ರವಾರ ಸಂಜೆ ಹಿಂದಿ ಧಾರಾವಾಹಿಯ ಒಂದು ಕಂತು ಬರುತ್ತಿತ್ತು. ಕನ್ನಡದ ಹೆಂಗಸರೆಲ್ಲ ಮೇಲಕ್ಕೆ ಹೋಗುತ್ತಿದ್ದರು. ಅವರ ಹಿಂದಿ ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟಕ್ಕೆ ಸಾಕು. ನಾಟಕದವರು ಅಳುತ್ತ ಆಡುವ ಮಾತಿಗೆ ಸಾಲದು. ಪದ್ಮಮ್ಮ ನಾಗಪುರದಲ್ಲಿ ಬೆಳೆದವರು, ಹಿಂದಿಯನ್ನು ಕನ್ನಡಕ್ಕಿಂತ ಚೆನ್ನಾಗಿ ಬಲ್ಲವರು. ಆದರೆ ಚಾಪೆಯ ಮೇಲೆ ಕೂತವರಿಗೆ ಮಾತು ಬಿಡಿಸಿ ಹೇಳುವ ಕೆಲಸ ಅವರ ಅಂತಸ್ತಿಗೆ ಒಗ್ಗುವಂಥದ್ದಾಗಿರಲಿಲ್ಲ. ಶಾಲೆಯಲ್ಲಿ ಹಿಂದಿ ಕಲಿತಿದ್ದ, ಹನ್ನೆರಡು ವರ್ಷದ ನನ್ನನ್ನು ಕರೆಸಿಕೊಂಡರು. ನನ್ನ ದನಿ ಟೀವಿಯ ದನಿಗೆ ಅಡ್ಡ ಬರಬಾರದೆಂದು ಪೆಟ್ಟಿಗೆಯ ಪಕ್ಕದಲ್ಲಿ, ಹೆಂಗಸರಿಗೆ ಮುಖ ಮಾಡಿ, ಬರಿ ನೆಲದ ಮೇಲೆ ಕೂರಿಸಿದರು. ಹಿಂದಿನಿಂದ ಹಿಂದಿ ಕಿವಿಗೆ ಬೀಳುತ್ತಿತ್ತು, ಮುಂದಕ್ಕೆ ಕನ್ನಡ ಬಾಯಿಂದ ಹೊರಡುತ್ತಿತ್ತು. ಕಥೆಯನ್ನು ನಾನು ನೋಡಿದ್ದು ಎದುರಿಗಿದ್ದವರ ಮುಖಗಳಲ್ಲಿ, ಅದೂ ಒಂದು ಮಾತು ತಡವಾಗಿ.

ಆ ಮನೆಯಲ್ಲಿ ನನಗೆ ಹೆಸರಿರಲಿಲ್ಲ. "ಹಿಂದಿ ಬಂದ್ಲಾ? ಹಿಂದಿ ಬರೋವರ್ಗೂ ಸ್ವಲ್ಪ ತಡೀರಿ" ಎನ್ನುತ್ತಿದ್ದರು ಪದ್ಮಮ್ಮ. ಕೆಳಗೆ ಕುಂಟಾಬಿಲ್ಲೆಯ ಆಟ ಕೊನೆಯ ಮನೆಗೆ ಬಂದಿದ್ದರೂ ಬಿಟ್ಟು ಓಡಬೇಕಿತ್ತು. ನಡುವೆ ಕಾಫಿ ಬರುತ್ತಿತ್ತು: ಕುರ್ಚಿಯವರಿಗೆ ಪಿಂಗಾಣಿ ಕಪ್ಪು, ಚಾಪೆಯವರಿಗೆ ಸ್ಟೀಲ್ ಲೋಟ. ನನಗೆ ಬರುತ್ತಿರಲಿಲ್ಲ. ಅಮ್ಮ ಒಮ್ಮೆ ಸಂಕೋಚದಿಂದ ನನ್ನ ಕಡೆ ನೋಡಿದಾಗ ಪದ್ಮಮ್ಮ ನಗುತ್ತ, "ಮಾತಾಡೋ ಬಾಯಿ ಕುಡಿಯೋದು ಯಾವಾಗ ಹೇಳಿ" ಎಂದರು. ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂದು ಇಂದಿಗೂ ಹೆಸರು ಹಿಡಿದು ಹೇಳಬಲ್ಲೆ. ನಗದಿದ್ದವಳು ಜಯತ್ತೆ ಒಬ್ಬಳೇ.

ಜಯತ್ತೆ ಅಪ್ಪನ ತಂಗಿ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು, ಹಾಸನದ ಹತ್ತಿರದ ಗಂಡನ ಮನೆಯವರು, ಕರೆಯುವವರೆಗೂ ಬರಬೇಡವೆಂದು ಹೇಳಿ ನಮ್ಮಲ್ಲಿಗೆ ಕಳಿಸಿದ್ದರು. ನೆರೆಯವರಿಗೆ, ಊರು ನೋಡಲು ಬಂದಿದ್ದಾಳೆ ಎಂದು ಹೇಳುವುದು ನಮ್ಮ ಮನೆಯ ತೀರ್ಮಾನ. ಎಂಟು ತಿಂಗಳು ಯಾರೂ ಊರು ನೋಡುವುದಿಲ್ಲ ಎಂಬುದು ಇಡೀ ಬಿಲ್ಡಿಂಗಿಗೆ ತಿಳಿದಿತ್ತು. ಅವಳು ಸ್ಟೇಷನ್ನಿನ ಆಚೆಯ ಕನ್ನಡ ಬಾಲವಾಡಿಗೆ, ಒಬ್ಬ ಟೀಚರು ಬಾಣಂತನಕ್ಕೆ ಹೋದಾಗ, ಬದಲಿಗೆ ಹೋಗುತ್ತಿದ್ದಳು. ಸಂಜೆ ಬಂದಾಗ ಅವಳ ಸೆರಗಿನಲ್ಲಿ ಸೀಮೆಸುಣ್ಣದ, ಮಕ್ಕಳ ಬಿಸ್ಕತ್ತಿನ ವಾಸನೆ. ಆ ದಿನಗಳಲ್ಲಿ ಅವಳು ಹಾಡಿಕೊಳ್ಳುವುದನ್ನು ನಾನು ಕೇಳಿದ್ದೇನೆ.

ಧಾರಾವಾಹಿಯ ನಾಯಕಿಯ ಕಥೆಯೂ ಸುಮಾರಾಗಿ ಇದೇ. ಗಂಡ ಹೊರಹಾಕಿದ್ದಾನೆ, ಅವಳು ಚಾಳಿನಲ್ಲೊಂದು ಕೋಣೆ ಹಿಡಿದು ಬಟ್ಟೆ ಹೊಲಿದು ಬದುಕುತ್ತಿದ್ದಾಳೆ. ಪ್ರತಿ ಶುಕ್ರವಾರ ಮೂರು ಮಹಡಿ ಇಳಿಯುವಾಗ ಜಯತ್ತೆ ನನ್ನ ಭುಜ ಹಿಡಿದು, ಅವಳು ಏನಂದಳು, ಆಮೇಲೆ ಏನಂದಳು ಎಂದು ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ನನಗೆ ಆ ಮೆಟ್ಟಿಲುಗಳೇ ಇಷ್ಟ. ಅಲ್ಲಿ ನಾನು ಯಾರ ಬಾಯಿಯೂ ಆಗಿರಲಿಲ್ಲ, ಅವಳ ಪುಟ್ಟಿಯಾಗಿದ್ದೆ.

ಚಳಿಗಾಲದ ಒಂದು ವಾರ ಎರಡು ಸಂಗತಿಗಳು ಒಟ್ಟಿಗೆ ಬಂದವು. ರಜೆಗೆ ಹೋದ ಟೀಚರು ಇನ್ನು ಬರುವುದಿಲ್ಲ, ಕೆಲಸ ನಿಮಗೇ ಕೊಡುತ್ತೇವೆ, ಸೋಮವಾರ ತಿಳಿಸಿ ಎಂದು ಬಾಲವಾಡಿಯವರು ಹೇಳಿಕಳಿಸಿದರು. ಅದರ ಮರುದಿನ ಹಾಸನದಿಂದ ಕಾಗದ ಬಂತು: ಭಾನುವಾರ ಜಯಳ ಭಾವನವರು ಬರುತ್ತಾರೆ, ಅವಳನ್ನು ಜೊತೆಗೆ ಕಳಿಸಿಕೊಡುವುದು. ಆ ಮನೆಯಲ್ಲಿ ಅವಳ ಅತ್ತೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾರೆಂಬುದು ಕಾಗದದ ಕೊನೆಯ ಸಾಲಿನಲ್ಲಿತ್ತು.

ಅಪ್ಪ ಕಾಗದ ಮಡಿಸಿ, "ನಿನ್ನಿಷ್ಟ ಜಯ" ಎಂದರು. ಅಮ್ಮನೂ ಅದನ್ನೇ ಹೇಳಿದಳು. ಹೇಳುತ್ತ ಹೇಳುತ್ತ ಜಯತ್ತೆಯ ಟ್ರಂಕಿನ ಮೇಲಿಟ್ಟಿದ್ದ ನಮ್ಮ ಹಾಸಿಗೆಗಳನ್ನು ಇಳಿಸಿ ಬೇರೆ ಕಡೆ ಜೋಡಿಸಿದಳು. ಐದು ಜನ ಮಲಗುವ ಒಂದು ಕೋಣೆ ನಮ್ಮದು. ಅವರ ಕಷ್ಟ ಈಗ ನನಗೆ ಅರ್ಥವಾಗುತ್ತದೆ. ಕ್ಷಮಿಸುವುದು ಬೇರೆ ಮಾತು. ಇರು ಎಂದು ಒಬ್ಬರೂ ಹೇಳಲಿಲ್ಲ.

ಮರುದಿನ ಶುಕ್ರವಾರ. ನಾಟಕದ ಗಂಡ ಚಾಳಿನ ಮೆಟ್ಟಿಲು ಹತ್ತಿ ಹೆಂಡತಿಯನ್ನು ಕರೆದೊಯ್ಯಲು ಬಂದ. ಅವನು ಕೇಳಿಕೊಂಡದ್ದನ್ನೆಲ್ಲ ನಾನು ಕನ್ನಡಕ್ಕೆ ತಂದೆ. ಮುಂದೆ ಅವಳ ಸರದಿ. ಚಾಪೆಯ ಅಂಚಿನಲ್ಲಿ ಜಯತ್ತೆ ಮೊಣಕಾಲಿಗೆ ಕೈ ಸುತ್ತಿ, ಕುತ್ತಿಗೆ ಮುಂದೆ ಚಾಚಿ ಕೂತಿದ್ದಳು. ನನ್ನ ಬೆನ್ನ ಹಿಂದೆ ಆ ಹೆಣ್ಣುದನಿ ಅವಸರವಿಲ್ಲದೆ ಹೇಳಿತು: ನಾನು ಬರುವುದಿಲ್ಲ. ಈ ಕೋಣೆ ಚಿಕ್ಕದು, ಆದರೆ ಇದರ ಬೀಗದ ಕೈ ನನ್ನ ಹತ್ತಿರ ಇದೆ.

ನಾನು ಬಾಯಿ ತೆರೆಯುವ ಮೊದಲೇ ಪದ್ಮಮ್ಮ, ಚಕ್ಕುಲಿ ಇನ್ನೊಂದು ತಗೋ ಎನ್ನುವಷ್ಟು ಸಹಜವಾಗಿ, ಹಿಂದಿಯಲ್ಲಿ ಅಂದರು: "ಬೋಲ್, ವೋ ಜಾ ರಹೀ ಹೈ. ಬುವಾ ಕಾ ಘರ್ ಬಸ್ನೇ ದೇ."

ಹೋಗುತ್ತಾಳೆ ಅಂತ ಹೇಳು. ನಿನ್ನ ಅತ್ತೆಯ ಸಂಸಾರ ನಿಲ್ಲಲಿ. ಕಾಗದದ ವಿಷಯ ಮೂರನೆಯ ಮಹಡಿಗೂ ಮುಟ್ಟಿತ್ತು. ಟೀವಿಯ ಸದ್ದಿನ ನಡುವೆ ಅವರು ಸರಕ್ಕನೆ ಆಡಿದ ಮಾತು ಅರ್ಥವಾದದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೆ. ನನಗೆ ಬೈದರೆಂದು ಉಳಿದವರು ಭಾವಿಸಿರಬೇಕು. ಹತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ನಿಲ್ಲಿ, ಬಟ್ಟೆ ತಗೊಂಡು ಬರ್ತೀನಿ ಅಂತಾಳೆ" ಎಂದೆ.

ಚಾಪೆಯಿಂದ ಕುರ್ಚಿಯವರೆಗೆ ಒಂದು ನಿಟ್ಟುಸಿರು ಹರಿಯಿತು. ಎರಡನೆಯ ಮಹಡಿಯ ಶಾರದಮ್ಮ ಕಣ್ಣೊರೆಸಿಕೊಂಡು, ಹೆಣ್ಣು ಅಂದರೆ ಹೀಗಿರಬೇಕು ಎಂದರು. ನಾನು ಟೀವಿಯತ್ತ ತಿರುಗಿ ನೋಡಿದಾಗ, ಬಾಗಿಲ ಚೌಕಟ್ಟಿನಲ್ಲಿ ನಿಂತ ನಾಯಕಿಯ ಮುಖದ ಮೇಲೆ ಕಂತು ಮುಗಿದು ಹೆಸರುಗಳು ಏಳುತ್ತಿದ್ದವು. ಪದ್ಮಮ್ಮ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಕಾಫಿಯಿತ್ತು, ಪಿಂಗಾಣಿಯ ಕಪ್ಪಿನಲ್ಲಿ. ನನ್ನ ಹೆಸರು ಹಿಡಿದು ಕರೆದು ಕೊಟ್ಟರು.

ಕುಡಿದೆ. ಬಿಸಿಯಾಗಿತ್ತು, ಸಕ್ಕರೆ ಹದವಾಗಿತ್ತು, ಚಿಕೋರಿಯ ಕಹಿ ನಾಲಗೆಯ ಹಿಂಬದಿಯಲ್ಲಿ ಸ್ವಲ್ಪವೇ ಉಳಿಯಿತು. ಬೇಡವೆಂದು ಹೇಳಬಹುದಿತ್ತು.

ಮೆಟ್ಟಿಲ ಮೇಲೆ ಜಯತ್ತೆ ಎಂದಿನಂತೆ ಭುಜ ಹಿಡಿದಳು. ಎರಡನೆಯ ಮಹಡಿಯ ತಿರುವಿನಲ್ಲಿ ಅಮ್ಮನನ್ನೂ ಉಳಿದವರನ್ನೂ ಮುಂದೆ ಹೋಗಲು ಬಿಟ್ಟು ನಿಂತಳು.

"ಪುಟ್ಟಿ, ನಿಜವಾಗ್ಲೂ ಹಾಗಂದ್ಲಾ?"

"ಹೂಂ ಅತ್ತೆ."

"ಇನ್ನೊಂದ್ಸಲ ಹೇಳು. ಏನಂದ್ಲು?"

"ನಿಲ್ಲಿ, ಬಟ್ಟೆ ತಗೊಂಡು ಬರ್ತೀನಿ ಅಂದ್ಲು."

ಅವಳು ನನ್ನ ಭುಜದಿಂದ ಕೈ ತೆಗೆದಳು.

ಭಾನುವಾರ ಭಾವನವರು ಬಂದರು, ಊಟ ಮಾಡಿದರು, ಪಾಯಸ ಚೆನ್ನಾಗಿದೆ ಎಂದರು. ಸೋಮವಾರ ಬೆಳಿಗ್ಗೆ, ಬಾಲವಾಡಿಯ ಗಂಟೆ ಬಾರಿಸುವ ಹೊತ್ತಿಗೆ, ಅಪ್ಪ ಅವರಿಬ್ಬರನ್ನೂ ದಾದರಿನಲ್ಲಿ ರೈಲು ಹತ್ತಿಸಿ ಆಫೀಸಿಗೆ ಹೋದರು.

ಮುಂದಿನ ಶುಕ್ರವಾರ ಚಾಪೆಯ ಅಂಚು ಖಾಲಿಯಿತ್ತು. ನಾಯಕಿ ಅದೇ ಕೋಣೆಯಲ್ಲಿ ಅದೇ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಇವಳು ಗಂಡನ ಜೊತೆ ಹೋಗಲಿಲ್ಲವೇ ಎಂದು ಶಾರದಮ್ಮ ಕೇಳಿದರು. "ಹೋಗಿ ಬಂದ್ಲು ಕಣ್ರೀ, ಅದನ್ನ ತೋರಿಸಿಲ್ಲ ಅಷ್ಟೆ" ಎಂದರು ಪದ್ಮಮ್ಮ, ಕಣ್ಣು ಮಿಟುಕಿಸದೆ. ನಾನು ಎದ್ದು ನಿಂತೆ. ಯಾಕೆ, ಎಲ್ಲಿಗೆ ಎಂದರು.

"ನಂಗೆ ಹಿಂದಿ ಬರಲ್ಲ" ಎಂದೆ.

ಕೆಳಗೆ ಬಂದು ಕತ್ತಲಾಗುವವರೆಗೆ ಒಬ್ಬಳೇ ಕುಂಟಾಬಿಲ್ಲೆ ಆಡಿದೆ. ಮತ್ತೆಂದೂ ಮೂರನೆಯ ಮಹಡಿ ಹತ್ತಲಿಲ್ಲ. ಅಮ್ಮ ಹೊಡೆದಳು, ಅದೂ ನೆನಪಿದೆ, ಯಾವ ಕೈಯಲ್ಲಿ ಎಂದೂ ನೆನಪಿದೆ. ಆ ಧಾರಾವಾಹಿ ಹೇಗೆ ಮುಗಿಯಿತೆಂಬುದು ಮಾತ್ರ ಗೊತ್ತಿಲ್ಲ. ನಮ್ಮ ಮನೆಗೆ ಟೀವಿ ಬರುವಷ್ಟರಲ್ಲಿ ಬೇರೆ ಕಥೆಗಳು ಶುರುವಾಗಿದ್ದವು.

ಜಯತ್ತೆ ಆ ಅತ್ತೆಯ ಸೇವೆ ಒಂಬತ್ತು ವರ್ಷ ಮಾಡಿದಳು; ಆಮೇಲೆ ಗಂಡನ ಸೇವೆ. ನನಗೋ ಓದು, ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಕೆಲಸ. ಆಡಿದವರ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೊಳ್ಳುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಅವಳಿಗೆ ನಿಜ ಹೇಳಬೇಕೆಂದು ಎಷ್ಟೋ ಕಾಗದಗಳನ್ನು ಶುರುಮಾಡಿ ಹರಿದೆ. ಕೊನೆಗೆ ಅಪ್ಪ ತೀರಿಕೊಂಡು ವರ್ಷವಾದ ಮೇಲೆ ಹಾಸನಕ್ಕೆ ಹೋದೆ. ಅವಳು ನಡುಮನೆಯಲ್ಲಿ ಟೀವಿಯ ಮುಂದೆ ಅವರೆಕಾಳು ಹಿತುಕುತ್ತಿದ್ದಳು. ಸೊಗಡಿನ ವಾಸನೆ ಮನೆಯೆಲ್ಲ ಹರಡಿತ್ತು. ಜಾಹೀರಾತು ಬಂದಾಗ ಹೇಳಿದೆ: ಅವಳು ಹಾಗನ್ನಲಿಲ್ಲ ಅತ್ತೆ, ಬರುವುದಿಲ್ಲ ಅಂದಳು, ಬೀಗದ ಕೈ ನನ್ನ ಹತ್ತಿರ ಇದೆ ಅಂದಳು.

ಅವಳ ಬೆರಳು ನಿಲ್ಲಲಿಲ್ಲ. ಒಂದು ಕಾಳು ಸಿಪ್ಪೆಯಿಂದ ಜಿಗಿದು ತಟ್ಟೆಗೆ ಬಿತ್ತು.

"ಗೊತ್ತಿತ್ತು ಬಿಡು."

"ಹೇಗೆ?"

"ನಿನ್ನ ಬೆನ್ನು ಆ ಕಡೆ ಇತ್ತು. ನಾನು ನೋಡ್ತಾನೇ ಇದ್ನಲ್ಲ. ಹೊರಡೋಳು ಬಾಗಿಲನ್ನ ಹಾಗೆ ಹಿಡ್ಕೊಂಡು ನಿಲ್ತಾಳೇನೆ?"

ಹಾಗಾದರೆ ಮೆಟ್ಟಿಲ ಮೇಲೆ ಎರಡು ಸಲ ಯಾಕೆ ಕೇಳಿದೆ ಎಂದೆ. ನನ್ನ ದನಿ ಏರಿತ್ತು. ತಪ್ಪೊಪ್ಪಿಕೊಳ್ಳಲು ಹೋದವಳು ಅವಳ ಮೇಲೆಯೇ ಸಿಟ್ಟಾಗಿದ್ದೆ.

"ಟೀವಿಯೋಳು ಅಂದ್ರೆ ಏನು ಬಂತು, ಅವಳು ನಂಗೇನಾಗ್ಬೇಕು? ಬರಲ್ಲ ಅನ್ನೋದನ್ನ ನಮ್ಮನೇವ್ರು ಒಬ್ರು ಕನ್ನಡದಲ್ಲಿ ಅನ್ನಲಿ ಅಂತ ಕೇಳ್ದೆ." ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಸುಮ್ನೆ ಕೂತ್ಕೋಬೇಡ, ಹಿತುಕು. ಶುರುವಾಯ್ತು ನೋಡು."

ಅವಳು ತೀರಿಹೋಗಿ ಈಗ ನಾಲ್ಕು ವರ್ಷ.

ಚೆಂಬೂರಿನ ಆ ಬಿಲ್ಡಿಂಗನ್ನು ಕೆಡವಿ ಟವರ್ ಕಟ್ಟಿದ್ದಾರೆ. ಹದಿನಾಲ್ಕನೆಯ ಮಹಡಿಯಲ್ಲಿ ನನಗೊಂದು ಫ್ಲ್ಯಾಟಿದೆ, ಟೀವಿಯ ಎದುರಿಗೇ ಒಂದು ಕುರ್ಚಿಯಿದೆ, ಕಾಫಿ ನಾನೇ ಮಾಡಿಕೊಳ್ಳುತ್ತೇನೆ. ಕನ್ನಡ, ಹಿಂದಿ, ಮರಾಠಿ, ಮೂರರ ಧಾರಾವಾಹಿಗಳನ್ನೂ ನೋಡುತ್ತೇನೆ. ಮೂರರಲ್ಲೂ ಸೊಸೆ ರೇಷ್ಮೆ ಸೀರೆಯಲ್ಲಿ ಅಡುಗೆ ಮಾಡುತ್ತಾಳೆ. ಮೂರರಲ್ಲೂ ಅವಳನ್ನು ಹೊರಗೆ ಹಾಕುತ್ತಾರೆ. ಮೂರರಲ್ಲೂ ಅವಳು ಹೊಸ್ತಿಲ ಮೇಲೆ ಒಂದು ವಾರ ಅಳುತ್ತಾಳೆ, ಗಂಡ ಬಂದು ಕರೆದ ಕೂಡಲೆ ಹೊರಡುತ್ತಾಳೆ. ಅಂದು ಒಂದು ಸುಳ್ಳು ಹೇಳಿಸಲು ಪದ್ಮಮ್ಮನಿಗೆ ಒಂದು ಕಪ್ ಕಾಫಿಯಾದರೂ ಖರ್ಚಾಗಿತ್ತು. ಈಗ ಆ ಶ್ರಮವೂ ಬೇಕಿಲ್ಲ. ಅವರ ಅನುವಾದವೇ ಮೂಲವಾಗಿದೆ.

ಅಂಧೇರಿಯಲ್ಲಿರುವ ತಮ್ಮನ ಮಗಳು ಎರಡು ತಿಂಗಳಿಗೊಮ್ಮೆ ಬರುತ್ತಾಳೆ. "ಅತ್ತೆ, ಇದೆಲ್ಲ ಯಾಕೆ ನೋಡ್ತೀಯಾ, ಸಬ್ ಸೇಮ್ ಹೈ" ಎಂದು ತನ್ನ ಫೋನಿಗೆ ತಲೆ ಬಗ್ಗಿಸುತ್ತಾಳೆ. ಅವಳ ಫೋನಿನಲ್ಲಿ ಕೊರಿಯಾದವರು ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳು ನೋಡಿದ್ದನ್ನು ನನಗೆ ಹೇಳಬೇಕೆಂದೂ ಅವಳಿಗೆ ತೋಚುವುದಿಲ್ಲ.

ಕಳೆದ ಶುಕ್ರವಾರ ಒಂದು ಹಿಂದಿ ಕಂತಿನಲ್ಲಿ ಒಬ್ಬಳು ಬಾಗಿಲ ಬಳಿ ನಿಂತಳು. ಗಂಡ ಮೆಟ್ಟಿಲ ಮೇಲಿದ್ದ. ಅವಳು ಬಾಯಿ ತೆರೆಯುವ ಮೊದಲೇ ನಾನು ಕುರ್ಚಿಯಿಂದ ಎದ್ದು, ಹದಿನಾಲ್ಕನೆಯ ಮಹಡಿಯ ಆ ಖಾಲಿ ಹಾಲಿಗೆ ಕೇಳುವಂತೆ, ಕನ್ನಡದಲ್ಲಿ ಹೇಳಿದೆ: "ಬರಲ್ಲ ಅಂತಾಳೆ ಅತ್ತೆ. ಕೋಣೆ ಚಿಕ್ಕದು, ಬೀಗದ ಕೈ ನನ್ನ ಹತ್ರ ಇದೆ ಅಂತಾಳೆ."

ಅವಳು ಏನಂದಳೋ ನಾನು ಕೇಳಿಸಿಕೊಳ್ಳಲಿಲ್ಲ. ನಿಂತೇ ಇದ್ದೆ. ನಿಜವಾಗ್ಲೂ ಹಾಗಂದ್ಲಾ ಎಂದು ಕೇಳುವವರು ಇರಲಿಲ್ಲ.